ಹಾರ್ಡ್ ಡಿಸ್ಕಿನ ಬೆಲೆ ಏರುತ್ತಿದೆ, ವಾರಂಟಿ ಏಕೆ ಕುಗ್ಗುತ್ತಿದೆ?

ಕುಮಟಾ_ಛಾಯಾಗ್ರಾಹಕ

ಎಲ್ಲರಿಗೂ ನಮಸ್ಕಾರ. ಕುಮಟೆಯಲ್ಲಿ 14 ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಮದುವೆ, ಉಪನಯನ, ಗೃಹಪ್ರವೇಶ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ಎಂದು ತಿರುಗಿ ತೆಗೆದದ್ದೆಲ್ಲ ಸೇರಿ ಒಂದು ಸೀಸನ್ನಿಗೆ ಸುಮಾರು 3 ಟೆರಾಬೈಟ್ ಆಗುತ್ತದೆ. ಇದಕ್ಕೆಂದೇ 2023ರ ಅಕ್ಟೋಬರಿನಲ್ಲಿ 4 ಟೆರಾಬೈಟಿನ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಒಂದನ್ನು 8,200 ರೂಪಾಯಿಗೆ ಕೊಂಡಿದ್ದೆ. ಅದಕ್ಕೆ 2 ವರ್ಷದ ವಾರಂಟಿ ಇತ್ತು. 2025ರ ಡಿಸೆಂಬರಿನಲ್ಲಿ, ಎಂದರೆ ವಾರಂಟಿ ಮುಗಿದ ಎರಡೇ ತಿಂಗಳಿಗೆ, ಡಿಸ್ಕಿನೊಳಗಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿತು. ಮರುದಿನ ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ಅಂಗಡಿಯವರು ಬಿಲ್ಲಿನ ತಾರೀಖು ನೋಡಿ ಕೈಚೆಲ್ಲಿದರು.

ಹೆಚ್ಚಿನ ಕೆಲಸಗಳನ್ನು ಆಯಾ ಮನೆಯವರಿಗೆ ಆಗಲೇ ಒಪ್ಪಿಸಿದ್ದೆ. ಆದರೆ ಮೂರು ಮದುವೆಗಳ ಮೂಲ ವಿಡಿಯೊ ಆ ಡಿಸ್ಕಿನಲ್ಲಿ ಮಾತ್ರ ಉಳಿದಿದೆ. ಅವುಗಳಲ್ಲಿ ಒಂದು ಮದುವೆಯ ಹುಡುಗಿಯ ಅಜ್ಜ ಕಾರ್ತಿಕ ಮಾಸದಲ್ಲಿ ತೀರಿಕೊಂಡರು. ಧಾರೆಯ ಹೊತ್ತಿಗೆ ಅವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ ದೃಶ್ಯ ಬೇರೆಲ್ಲಿಯೂ ಇಲ್ಲ. ಎರಡನೆಯ ಪ್ರತಿ ಇಟ್ಟುಕೊಳ್ಳದೆ ಇದ್ದದ್ದು ನನ್ನದೇ ತಪ್ಪು, ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಈಗ ಹೊಸ ಡಿಸ್ಕ್ ಕೊಳ್ಳಬೇಕಾಗಿದೆ. ವಿಚಾರಿಸಿದಾಗ ಅದೇ 4 ಟೆರಾಬೈಟಿಗೆ 2 ವರ್ಷ ವಾರಂಟಿಯ ಡೆಸ್ಕ್‌ಟಾಪ್ ಡಿಸ್ಕಿಗೆ 11,400, 3 ವರ್ಷ ವಾರಂಟಿಯ ನ್ಯಾಸ್ (ನೆಟ್‌ವರ್ಕಿನಲ್ಲಿ ಹಗಲಿರುಳು ನಡೆಯುವ ಶೇಖರಣಾ ಪೆಟ್ಟಿಗೆಗೆಂದು ಮಾಡಿದ) ಡಿಸ್ಕಿಗೆ 13,200, 5 ವರ್ಷ ವಾರಂಟಿಯ ಸರ್ವರ್ ಡಿಸ್ಕಿಗೆ 19,500 ರೂಪಾಯಿ ಎಂದು ಹೇಳಿದರು. 2007ರಲ್ಲಿ ಮನೆಯ ಕಂಪ್ಯೂಟರಿಗೆ ಹಾಕಿಸಿದ 160 ಗಿಗಾಬೈಟಿನ ಸಾಮಾನ್ಯ ಡಿಸ್ಕಿಗೇ 5 ವರ್ಷದ ವಾರಂಟಿ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬೆಲೆ ಏರುತ್ತಿರುವಾಗ ವಾರಂಟಿ ಕುಗ್ಗುತ್ತಿದೆ ಎಂದರೆ, ತಯಾರಿಸಿದವರಿಗೇ ತಮ್ಮ ವಸ್ತುವಿನ ಮೇಲೆ ನಂಬಿಕೆ ಉಳಿದಿಲ್ಲ ಎಂದು ತಿಳಿಯಬೇಕೇ? 5 ವರ್ಷದ ವಾರಂಟಿಗೆ 8,100 ರೂಪಾಯಿ ಹೆಚ್ಚು ಕೊಡುವುದು ಯೋಗ್ಯವೇ? ಅನುಭವಿಗಳು ದಯವಿಟ್ಟು ತಿಳಿಸಿ.

ಶಿರಸಿ_ರಿಪೇರಿ_ಮೇಜು

ಕುಮಟೆಯವರೇ, ಬೇರೆಲ್ಲಕ್ಕಿಂತ ಮೊದಲು ಒಂದು ಮಾತು. ಆ ಡಿಸ್ಕಿಗೆ ಇನ್ನು ಕರೆಂಟ್ ಕೊಡಬೇಡಿ. ಟಕ್ ಟಕ್ ಸದ್ದು ಬರುತ್ತಿದೆ ಎಂದರೆ ಓದುವ ಹೆಡ್ ತನ್ನ ಜಾಗ ಸಿಗದೆ ಹೊಯ್ದಾಡುತ್ತಿದೆ. ಪ್ರತಿ ಸಲ ಚಾಲೂ ಮಾಡಿದಾಗಲೂ ಅದು ತಟ್ಟೆಯ ಮೇಲ್ಮೈಯನ್ನು ಗೀರುವ ಸಾಧ್ಯತೆ ಇರುತ್ತದೆ, ಗೀರಿದ ಜಾಗದ ಮಾಹಿತಿಯನ್ನು ಯಾರೂ ಮರಳಿ ತರಲಾರರು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಡಿಸ್ಕನ್ನು ಹೊರಗೆ ತೆಗೆದ ಕೂಡಲೇ ನೀರಿನ ಹನಿ ಕಟ್ಟುತ್ತದೆ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಹೆಡ್ ಬದಲಿಸಬಲ್ಲ ಪ್ರಯೋಗಾಲಯಕ್ಕೇ ಅದನ್ನು ಕಳಿಸಬೇಕು. ಖರ್ಚು ಡಿಸ್ಕಿನ ಬೆಲೆಯ ಹಲವು ಪಟ್ಟು ಆಗಬಹುದು, ಅಜ್ಜನ ಆ ದೃಶ್ಯಕ್ಕಾಗಿ ಅಷ್ಟು ಕೊಡಬೇಕೇ ಎಂಬುದನ್ನು ನೀವು ಮತ್ತು ಆ ಮನೆಯವರು ಕೂತು ತೀರ್ಮಾನಿಸಿ.

ವಾರಂಟಿಯ ವಿಷಯದಲ್ಲಿ ನಿಮ್ಮ ನೆನಪು ಸರಿಯಾಗಿಯೇ ಇದೆ. ಆದರೆ ಅದು ಒಂದೇ ದಿಕ್ಕಿನಲ್ಲಿ ಇಳಿಯುತ್ತ ಬಂದದ್ದಲ್ಲ, ಏರಿ ಇಳಿದು ಬಂದದ್ದು. 2002ರ ಅಕ್ಟೋಬರಿನಲ್ಲಿ ಸೀಗೇಟ್, ಮ್ಯಾಕ್ಸ್ಟರ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಡೆಸ್ಕ್‌ಟಾಪ್ ಡಿಸ್ಕುಗಳ ವಾರಂಟಿಯನ್ನು 3 ವರ್ಷದಿಂದ 1 ವರ್ಷಕ್ಕೆ ಇಳಿಸಿದವು. ಎರಡೇ ವರ್ಷದ ನಂತರ, 2004ರಲ್ಲಿ, ಸೀಗೇಟ್ 5 ವರ್ಷ ಕೊಡುವುದಾಗಿ ಘೋಷಿಸಿತು. ನೀವು 2007ರಲ್ಲಿ ಕಂಡದ್ದು ಆ ಕಾಲದ ವಾರಂಟಿ. ಎರಡು ವರ್ಷದಲ್ಲಿ ಡಿಸ್ಕ್ ಐದು ಪಟ್ಟು ಗಟ್ಟಿಯಾಯಿತೆಂದು ಇದರ ಅರ್ಥವಲ್ಲ. ಆಗ ಹಿಟಾಚಿ, ಸ್ಯಾಮ್ಸಂಗ್, ಫುಜಿತ್ಸು, ತೋಶಿಬಾ ಎಲ್ಲರೂ ಈ ವ್ಯಾಪಾರದಲ್ಲಿದ್ದರು, ಗಿರಾಕಿಯನ್ನು ಸೆಳೆಯಲು ವಾರಂಟಿಯೂ ಒಂದು ಉಪಾಯವಾಗಿತ್ತು. ಆಮೇಲೆ ಮ್ಯಾಕ್ಸ್ಟರನ್ನು 2006ರಲ್ಲಿ ಸೀಗೇಟ್ ಕೊಂಡಿತು, ಫುಜಿತ್ಸುವಿನ ಡಿಸ್ಕ್ ವ್ಯಾಪಾರ 2009ರಲ್ಲಿ ತೋಶಿಬಾಕ್ಕೆ ಹೋಯಿತು, ಸ್ಯಾಮ್ಸಂಗಿನದು 2011ರಲ್ಲಿ ಸೀಗೇಟಿಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ ಸೇರಿತು. ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಮೂವರೇ.

ಇದರ ನಡುವೆ ಥಾಯ್ಲೆಂಡಿನ ನೆರೆ ಬಂತು. 2011ರ ಅಕ್ಟೋಬರಿನಲ್ಲಿ ಬಾಂಗ್ ಪಾ-ಇನ್ ಮತ್ತು ನವನಕೊರ್ನ್ ಕೈಗಾರಿಕಾ ಪ್ರದೇಶಗಳಲ್ಲಿದ್ದ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗಳು ನೀರಿನಲ್ಲಿ ಮುಳುಗಿದವು, ಡಿಸ್ಕ್ ತಿರುಗಿಸುವ ಮೋಟಾರಿನ ಕಾರ್ಖಾನೆಗಳಿಗೂ ಪೆಟ್ಟು ಬಿತ್ತು. ಕೆಲವೇ ವಾರಗಳಲ್ಲಿ ಹಲವು ಡಿಸ್ಕುಗಳ ಚಿಲ್ಲರೆ ಬೆಲೆ ಇಮ್ಮಡಿಯಾಯಿತು. ಆ ದಿನಗಳಲ್ಲಿ ನನ್ನ ಅಂಗಡಿಗೆ ಬಂದವರಿಗೆ ಹೊಸ ಡಿಸ್ಕ್ ಬೇಡ, ಹಳೆಯದರಲ್ಲೇ ಜಾಗ ಮಾಡಿಕೊಡುತ್ತೇನೆ ಎಂದು ಹೇಳಿ ಕಳಿಸುತ್ತಿದ್ದೆ. ವಾರಂಟಿಗೆ ಕತ್ತರಿ ಬಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಸೀಗೇಟ್ 2011ರ ಡಿಸೆಂಬರ್ 31ರಿಂದ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಹಲವಕ್ಕೆ ವಾರಂಟಿಯನ್ನು 1 ವರ್ಷಕ್ಕೆ ಇಳಿಸಿತು. ವೆಸ್ಟರ್ನ್ ಡಿಜಿಟಲ್ 2012ರ ಜನವರಿ 2ರಿಂದ ನೀಲಿ ಮತ್ತು ಹಸಿರು ಸಾಲಿನ ಡಿಸ್ಕುಗಳನ್ನು 3 ವರ್ಷದಿಂದ 2 ವರ್ಷಕ್ಕೆ ಇಳಿಸಿ, ಕಪ್ಪು ಸಾಲಿಗೆ ಮಾತ್ರ 5 ವರ್ಷವನ್ನು ಉಳಿಸಿಕೊಂಡಿತು. ಮಾಲು ಸಿಗುವುದೇ ಕಷ್ಟವಾಗಿದ್ದಾಗ ವಾರಂಟಿ ನೋಡಿ ಹಿಂದೆ ಸರಿಯುವ ಗಿರಾಕಿ ಯಾರೂ ಇರಲಿಲ್ಲ. ನೆರೆ ಇಳಿಯಿತು, ಒಂದೆರಡು ವರ್ಷದಲ್ಲಿ ಬೆಲೆಯೂ ಇಳಿಯಿತು, ಸಾಮಾನ್ಯ ಡಿಸ್ಕಿನ 5 ವರ್ಷ ಮಾತ್ರ ಮರಳಿ ಬರಲಿಲ್ಲ. ಈ ಅನ್ಯಾಯ ನನಗೆ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಈಗಿನ ಏರಿಕೆಗೆ ಕಾರಣ ಬೇರೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ದೊಡ್ಡ ಡೇಟಾ ಸೆಂಟರುಗಳು ದೊಡ್ಡ ಗಾತ್ರದ ಡಿಸ್ಕುಗಳನ್ನು ಮುಂಗಡವಾಗಿಯೇ ಕಾಯ್ದಿರಿಸುತ್ತಿವೆ, ನಮ್ಮಂತಹ ಚಿಲ್ಲರೆ ಗಿರಾಕಿಗಳ ಪಾಲಿಗೆ ಉಳಿಯುವುದು ಕಡಿಮೆ.

ಹಾಗಾಗಿ ವಾರಂಟಿಯನ್ನು ಡಿಸ್ಕಿನ ಆಯುಷ್ಯವೆಂದು ಓದಬೇಡಿ. ಮಾರಿದ ಪ್ರತಿಯೊಂದು ಡಿಸ್ಕಿಗೂ ಮುಂದೆ ಬದಲಿ ಕೊಡಬೇಕಾದೀತೆಂದು ಕಂಪನಿ ಒಂದಿಷ್ಟು ಹಣವನ್ನು ಲೆಕ್ಕದಲ್ಲಿ ತೆಗೆದಿಡುತ್ತದೆ. ವಾರಂಟಿ ಒಂದು ವರ್ಷ ಕಡಿಮೆಯಾದರೆ ತೆಗೆದಿಡಬೇಕಾದ ಹಣವೂ ಕಡಿಮೆಯಾಗುತ್ತದೆ. ಅದು ಅವರ ಹಿಸಾಬು.

ಇನ್ನು ನನ್ನ ಮೇಜಿಗೆ ಬರುವ ಡಿಸ್ಕುಗಳ ವಿಷಯ. ಘಟ್ಟದ ಕೆಳಗಿನಿಂದ ಬಂದವುಗಳಲ್ಲಿ ನಾನು ಮೊದಲು ನೋಡುವುದು ಹಸಿರು ಬೋರ್ಡಿನ ಹಿಂಬದಿಯನ್ನು. ಬೋರ್ಡ್ ಮತ್ತು ಒಳಗಿನ ಹೆಡ್‌ಗಳ ನಡುವೆ ಸಂಪರ್ಕ ಕೊಡುವ ಸಣ್ಣ ಬಿಂದುಗಳು ಉಪ್ಪುಗಾಳಿಗೆ ಕಪ್ಪಾಗಿರುತ್ತವೆ. ಸಾಮಾನ್ಯ ಡಿಸ್ಕ್ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ, ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಲೆಂದು ಅದಕ್ಕೊಂದು ಸಣ್ಣ ಉಸಿರುರಂಧ್ರವಿದ್ದು, ಅದರ ಒಳಬದಿಗೆ ಸೋಸುವ ಬಟ್ಟೆ ಇರುತ್ತದೆ. ಅದು ಧೂಳನ್ನು ತಡೆಯುತ್ತದೆ, ಆಷಾಢದ ತೇವವನ್ನು ಪೂರ್ತಿಯಾಗಿ ತಡೆಯಲಾರದು. ಹೀಲಿಯಂ ತುಂಬಿ ಮುಚ್ಚಿದ ದೊಡ್ಡ ಡಿಸ್ಕುಗಳಿಗೆ ಮಾತ್ರ ಈ ರಂಧ್ರವಿಲ್ಲ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗಿ ಬರುವುದು ಇನ್ನೊಂದು ಶತ್ರು. ಯುಪಿಎಸ್ ಇಲ್ಲದೆ ಡಿಸ್ಕ್ ನಡೆಸಬೇಡಿ. ಕಪಾಟಿನಲ್ಲಿಡುವ ಡಿಸ್ಕನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಚೀಲದೊಂದಿಗೆ ಇಡಿ.

ಕಾಳಿತೀರ_ಕಾರವಾರ

ಶಿರಸಿಯವರು ಹೇಳಿದ್ದಕ್ಕೆ ಅಂಕಿಗಳನ್ನು ಸೇರಿಸುತ್ತೇನೆ. ಕಾರವಾರದಲ್ಲಿ ಒಂದು ಸಂಸ್ಥೆಯ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು, ಆದ್ದರಿಂದ ಈ ಲೆಕ್ಕ ಮಾಡದೆ ನನಗೆ ವಿಧಿಯಿಲ್ಲ.

ಡಿಸ್ಕಿನ ವಿವರಪಟ್ಟಿಯಲ್ಲಿ 10 ಲಕ್ಷ ಗಂಟೆ ಎಂಬ ಸಂಖ್ಯೆಯನ್ನು ನೀವು ನೋಡಿರಬಹುದು. ಒಂದು ಡಿಸ್ಕ್ 114 ವರ್ಷ ಬಾಳುತ್ತದೆ ಎಂದು ಅದರ ಅರ್ಥವಲ್ಲ. ವರ್ಷಕ್ಕೆ 8,760 ಗಂಟೆ ನಡೆಯುವ ನೂರು ಡಿಸ್ಕುಗಳಲ್ಲಿ ಒಂದಕ್ಕಿಂತ ಕಡಿಮೆ, ಸುಮಾರು 0.88, ಕೆಡಬಹುದು ಎಂಬುದು ತಯಾರಕರ ಅಂದಾಜು. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಸಂಸ್ಥೆಗಳ ದಾಖಲೆ ತೆಗೆದು ನೋಡಿದಾಗ, ವರ್ಷಕ್ಕೆ ಶೇಕಡಾ 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಿಸುವುದು ಸಾಮಾನ್ಯವಾಗಿತ್ತು, ಕೆಲವೆಡೆ ಅದು ಶೇಕಡಾ 13ರವರೆಗೂ ಹೋಗಿತ್ತು. ಸಾವಿರಾರು ಡಿಸ್ಕುಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಬ್ಯಾಕಪ್ ಕಂಪನಿ 2013ರಲ್ಲಿ ಕೊಟ್ಟ ಲೆಕ್ಕ ಇನ್ನೂ ಉಪಯುಕ್ತ. ಅದರ ಡಿಸ್ಕುಗಳು ಮೊದಲ ಒಂದೂವರೆ ವರ್ಷ ವರ್ಷಕ್ಕೆ ಶೇಕಡಾ 5.1ರಂತೆ, ಮುಂದಿನ ಒಂದೂವರೆ ವರ್ಷ ಶೇಕಡಾ 1.4ರಂತೆ, ಮೂರು ವರ್ಷ ದಾಟಿದ ಮೇಲೆ ಶೇಕಡಾ 11.8ರಂತೆ ಕೆಟ್ಟಿದ್ದವು. ಅದೇ ಕಂಪನಿಯ ಎಲ್ಲ ಡಿಸ್ಕುಗಳ ಒಟ್ಟು ವಾರ್ಷಿಕ ಪ್ರಮಾಣ 2023ರಲ್ಲಿ ಶೇಕಡಾ 1.70, 2024ರಲ್ಲಿ ಶೇಕಡಾ 1.57 ಆಗಿತ್ತು. ಅವು ಬಹುಪಾಲು ಸರ್ವರ್ ದರ್ಜೆಯವು ಎಂಬುದನ್ನು ಗಮನದಲ್ಲಿಟ್ಟುಕೊಂಡರೂ, ವಾರಂಟಿ ಕುಗ್ಗಿತೆಂದ ಮಾತ್ರಕ್ಕೆ ಡಿಸ್ಕುಗಳು ಕಳಪೆಯಾದವು ಎಂದು ಹೇಳಲು ಇಲ್ಲಿ ಆಧಾರ ಕಾಣುವುದಿಲ್ಲ.

ಆದರೆ ಮಾದರಿಯಿಂದ ಮಾದರಿಗೆ ಇರುವ ಅಂತರ ಬಹಳ ದೊಡ್ಡದು. ಅದೇ ಕಂಪನಿಯಲ್ಲಿ ಸೀಗೇಟಿನ 3 ಟೆರಾಬೈಟಿನ ಒಂದು ಮಾದರಿ 2014ರಲ್ಲಿ ಶೇಕಡಾ 40ಕ್ಕೂ ಹೆಚ್ಚಿನ ಪ್ರಮಾಣದಲ್ಲಿ ಕೆಟ್ಟಿತ್ತು, ಸೀಗೇಟಿನದೇ 4 ಟೆರಾಬೈಟಿನ ಡಿಸ್ಕುಗಳು ಆಗ ಚೆನ್ನಾಗಿಯೇ ನಡೆಯುತ್ತಿದ್ದವು. ಆದ್ದರಿಂದ ಇಂಥ ಕಂಪನಿಯದು ಒಳ್ಳೆಯದು, ಇಂಥದ್ದರದು ಕೆಟ್ಟದ್ದು ಎಂಬ ಅಂಗಡಿ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಈಗ ನಿಮ್ಮ 8,100 ರೂಪಾಯಿಯ ಪ್ರಶ್ನೆ. ವಾರಂಟಿಯ ಒಂದು ವರ್ಷಕ್ಕೆ ಬೀಳುವ ಬೆಲೆಯನ್ನು ನೋಡಿದರೆ 11,400ರ ಡಿಸ್ಕಿಗೆ 5,700, 13,200ರದಕ್ಕೆ 4,400, 19,500ರದಕ್ಕೆ 3,900 ಆಗುತ್ತದೆ. ಹೀಗೆ ನೋಡಿದರೆ 5 ವರ್ಷದ್ದೇ ಲಾಭದಾಯಕ ಎನಿಸುತ್ತದೆ, ಆದರೆ ಈ ಲೆಕ್ಕ ಮೋಸಗೊಳಿಸುತ್ತದೆ. ಹೆಚ್ಚುವರಿ ಮೂರು ವರ್ಷಗಳಲ್ಲಿ ಡಿಸ್ಕ್ ಕೆಡುವ ಸಂಭವ ವರ್ಷಕ್ಕೆ ಶೇಕಡಾ 2 ಎಂದು ಹಿಡಿಯಿರಿ. ಮೂರು ವರ್ಷಕ್ಕೆ ಶೇಕಡಾ 6. 19,500ರಲ್ಲಿ ಶೇಕಡಾ 6 ಎಂದರೆ 1,170 ರೂಪಾಯಿ. ಸಂಭವವನ್ನು ಎರಡು ಪಟ್ಟು ಮಾಡಿದರೂ 2,340. ಅಷ್ಟು ಬೆಲೆಯ ರಕ್ಷಣೆಗೆ ನೀವು 8,100 ಕೊಡುತ್ತೀರಿ, ಅದೂ ಡಿಸ್ಕಿಗೆ ಮಾತ್ರ, ಅದರೊಳಗಿನ ವಿಡಿಯೊಕ್ಕಲ್ಲ. ಯಾವ ವಾರಂಟಿಯೂ ಮದುವೆಯ ದೃಶ್ಯವನ್ನು ಮರಳಿ ಕೊಡುವುದಿಲ್ಲ. ನಾನಾದರೆ 19,500ಕ್ಕೆ ಒಂದನ್ನು ಕೊಳ್ಳದೆ, 22,800ಕ್ಕೆ 2 ವರ್ಷ ವಾರಂಟಿಯ ಎರಡನ್ನು ಕೊಳ್ಳುತ್ತಿದ್ದೆ.

ಮುನ್ಸೂಚನೆಯ ಬಗ್ಗೆಯೂ ಒಂದು ಮಾತು. ಪ್ರತಿ ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ 5, 187, 197 ಮತ್ತು 198ನೆಯ ಸಾಲುಗಳನ್ನು (ಅದರಲ್ಲಿ ಅವು 05, BB, C5, C6 ಎಂದು ಕಾಣುತ್ತವೆ) ತಿಂಗಳಿಗೊಮ್ಮೆ ನೋಡಿ, ಆ ಸಂಖ್ಯೆಗಳು ಸೊನ್ನೆಯಿಂದ ಮೇಲೇಳತೊಡಗಿದರೆ ಅಂದೇ ಪ್ರತಿ ಮಾಡಿಕೊಳ್ಳಿ. ಅಷ್ಟಾದರೂ ಅದನ್ನೇ ನಂಬಿ ಕೂರುವಂತಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಗೂಗಲ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ.

ಶಿರಸಿ_ರಿಪೇರಿ_ಮೇಜು

ಕಾರವಾರದವರ ಲೆಕ್ಕವನ್ನು ಒಪ್ಪುತ್ತೇನೆ, ಕೊನೆಯ ಸಲಹೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳ ವಿವರಪಟ್ಟಿಯಲ್ಲಿ ವರ್ಷಕ್ಕೆ 2,400 ಗಂಟೆ ಓಟ, 55 ಟೆರಾಬೈಟ್ ಓದುಬರಹ ಎಂದು ಬರೆದಿರುವುದನ್ನು ನೋಡಿದ್ದೇನೆ. ದಿನಕ್ಕೆ 10 ಗಂಟೆಯಂತೆ 300 ದಿನ ಎಡಿಟಿಂಗ್ ಮಾಡುವ ಸ್ಟುಡಿಯೋದಲ್ಲಿ 3,000 ಗಂಟೆ ಆಗಿಯೇ ಆಗುತ್ತದೆ. ಅದೂ ಅಲ್ಲದೆ ಈ ಗಾತ್ರದ ಅಗ್ಗದ ಡಿಸ್ಕುಗಳಲ್ಲಿ ಹಲವು ಎಸ್‌ಎಂಆರ್ ಬಗೆಯವು. ಅವುಗಳಲ್ಲಿ ಮಾಹಿತಿಯ ಪಟ್ಟಿಗಳು ಹಂಚಿನ ಸಾಲಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ, ನಡುವಿನ ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ತೆಗೆದು ಮತ್ತೆ ಹೊದಿಸಬೇಕಾಗುತ್ತದೆ. ಒಮ್ಮೆ ತುಂಬಿ ಕಪಾಟಿನಲ್ಲಿಡಲು ಅವು ಸಾಕು, ದಿನವೂ ಅಳಿಸಿ ಬರೆಯುವ ಕೆಲಸಕ್ಕೆ ತಕ್ಕವಲ್ಲ. 2020ರ ಏಪ್ರಿಲಿನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ಕೆಂಪು ಸಾಲಿನ ಕೆಲವು ನ್ಯಾಸ್ ಡಿಸ್ಕುಗಳಲ್ಲೂ ಇದನ್ನು ಗಿರಾಕಿಗಳಿಗೆ ತಿಳಿಸದೆ ಬಳಸಿದ್ದು ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಹಾಗಾಗಿ ಕೊಳ್ಳುವ ಮುನ್ನ ಅದು ಸಿಎಂಆರ್, ಎಂದರೆ ಪಟ್ಟಿಗಳು ಒಂದರ ಮೇಲೊಂದು ಚಾಚದ ಬಗೆ, ಹೌದೇ ಎಂದು ಮಾದರಿ ಸಂಖ್ಯೆ ಹಾಕಿ ನೋಡಿಯೇ ತೀರಬೇಕು.

ಕೆಲಸಕ್ಕೆ 13,200ರ ನ್ಯಾಸ್ ಡಿಸ್ಕ್, ಪ್ರತಿ ಇಡಲು 11,400ರದ್ದು, ಒಟ್ಟು 24,600. ಇದು ನನ್ನ ಸಲಹೆ. ಎರಡೂ ಬೇರೆ ಬೇರೆ ಮಾದರಿಯವಾದ್ದರಿಂದ ಒಂದೇ ಬ್ಯಾಚಿನ ದೋಷ ಎರಡಕ್ಕೂ ತಗಲುವ ಭಯವೂ ಇರುವುದಿಲ್ಲ.

ಕುಮಟಾ_ಛಾಯಾಗ್ರಾಹಕ

ಇಬ್ಬರಿಗೂ ಋಣಿ. ಡಿಸ್ಕಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸಿದ್ದೇನೆ. ಒಂದು ಸಂದೇಹವಿದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಸರ್ವರ್ ದರ್ಜೆಯ 8 ಟೆರಾಬೈಟ್ ಡಿಸ್ಕನ್ನು ಹೊಸದು ಎಂದು 12,000 ರೂಪಾಯಿಗೆ ಹಾಕಿದ್ದಾನೆ. ಪೇಟೆಯ ಬೆಲೆ ಇದಕ್ಕಿಂತ ಬಹಳ ಹೆಚ್ಚು. ಇದನ್ನು ನಂಬಬಹುದೇ?

ಹೊನ್ನಾವರ_ತಾಳಮದ್ದಲೆ

ನಂಬಬೇಡಿ. ತಂದೆಯವರು ನಲವತ್ತು ವರ್ಷ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಯಕ್ಷಗಾನ ಮತ್ತು ತಾಳಮದ್ದಲೆಯ ಧ್ವನಿಮುದ್ರಣಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸದಲ್ಲಿ ನಾನೂ ಹೀಗೊಂದು ಅಗ್ಗದ ಡಿಸ್ಕಿಗೆ ಮನಸೋತಿದ್ದೆ. ಪೆಟ್ಟಿಗೆ ಹೊಸದು, ಲೇಬಲ್ ಹೊಸದು, ಸ್ಮಾರ್ಟ್ ದಾಖಲೆಯಲ್ಲಿ ಓಡಿದ ಗಂಟೆ ಸೊನ್ನೆ. ಆದರೆ ಸರಣಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದಾಗ ವಾರಂಟಿ ಎಂದೋ ಮುಗಿದಿತ್ತು. ಹಿಂದಿರುಗಿಸುವ ಗಡುವು ಇನ್ನೂ ಬಾಕಿ ಇದ್ದದ್ದರಿಂದ ಹಣ ಮರಳಿ ಬಂತು.

ಇದು ನನ್ನೊಬ್ಬನ ಅನುಭವವಲ್ಲ. ಸಾವಿರಾರು ಗಂಟೆ ಓಡಿದ ಸೀಗೇಟ್ ಸರ್ವರ್ ಡಿಸ್ಕುಗಳನ್ನು ಅಂಕಿ ಅಳಿಸಿ ಹೊಸದೆಂದು ಮಾರುತ್ತಿದ್ದದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಿಗೆ ಬಂದಿತ್ತು. ಸ್ಮಾರ್ಟ್ ದಾಖಲೆ ಅಳಿಸಿದ್ದರೂ ಫಾರ್ಮ್ ಎಂಬ ಇನ್ನೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದಿದ್ದವು. ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಅದನ್ನು ಓದಬಹುದು. ಹೊಸ ಡಿಸ್ಕ್ ಕೈಗೆ ಬಂದ ದಿನವೇ ಸರಣಿ ಸಂಖ್ಯೆಯನ್ನು ಪರೀಕ್ಷಿಸಿ, ವಾರಂಟಿ ಯಾವ ತಾರೀಖಿನವರೆಗೆ, ಯಾವ ದೇಶಕ್ಕೆ ಎಂದು ನೋಡಿ. ಬೇರೆ ದೇಶಕ್ಕೆಂದು ಮಾಡಿದ್ದಕ್ಕೆ ಇಲ್ಲಿ ಬದಲಿ ಸಿಗದೇ ಹೋಗಬಹುದು. ಜಿಎಸ್‌ಟಿ ಬಿಲ್ಲನ್ನು ಫೋಟೊ ತೆಗೆದಿಡಿ. ಬಿಲ್ಲಿನ ಶಾಯಿ ನಮ್ಮ ತೇವಕ್ಕೆ ಎರಡು ವರ್ಷ ಉಳಿಯುವುದೇ ಕಷ್ಟ.

ವಾರಂಟಿಯ ಅವಧಿಯೊಳಗೇ ಕೆಟ್ಟು, ಮಾರಿದವರೂ ತಯಾರಿಸಿದವರೂ ನುಣುಚಿಕೊಂಡರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವರು ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ದೂರು ಕೊಡಲು ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಇನ್ನು ವಾರಂಟಿಯಲ್ಲಿ ಬರುವ ಬದಲಿ ಡಿಸ್ಕ್ ಹೊಸದೇ ಆಗಿರುತ್ತದೆ ಎಂದುಕೊಳ್ಳಬೇಡಿ. ಅನೇಕ ಸಲ ದುರಸ್ತಿ ಮಾಡಿ ಪರೀಕ್ಷಿಸಿದ್ದನ್ನೇ ಕೊಡುತ್ತಾರೆ, ವಾರಂಟಿಯ ಷರತ್ತಿನಲ್ಲೇ ಅದಕ್ಕೆ ಅವಕಾಶವಿರುತ್ತದೆ.

ಪ್ರತಿಯನ್ನು ಎಲ್ಲಿಡುತ್ತೀರಿ ಎಂಬುದನ್ನೂ ಯೋಚಿಸಿ. 2019ರ ಆಗಸ್ಟಿನ ನೆರೆಯಲ್ಲಿ ನಮ್ಮ ಸಂಬಂಧಿಕರ ಮನೆಗೆ ಸೊಂಟದವರೆಗೆ ನೀರು ನುಗ್ಗಿತ್ತು. ಕಂಪ್ಯೂಟರೂ ಅದರ ಪಕ್ಕದಲ್ಲೇ ಇಟ್ಟಿದ್ದ ಬ್ಯಾಕಪ್ ಡಿಸ್ಕೂ ಒಟ್ಟಿಗೇ ಹೋದವು. ಅಂದಿನಿಂದ ತಂದೆಯವರ ಧ್ವನಿಮುದ್ರಣಗಳ ಒಂದು ಪ್ರತಿ ಸಿದ್ದಾಪುರದಲ್ಲಿ ಅಕ್ಕನ ಮನೆಯ ಅಟ್ಟದ ಮೇಲಿದೆ.

ಕುಮಟಾ_ಛಾಯಾಗ್ರಾಹಕ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆನ್‌ಲೈನಿನ ಡಿಸ್ಕನ್ನು ಬಿಟ್ಟೆ. ಕೆಲಸಕ್ಕೆ ಸಿಎಂಆರ್ ನ್ಯಾಸ್ ಡಿಸ್ಕ್, ಪ್ರತಿಗೆ ಡೆಸ್ಕ್‌ಟಾಪ್ ಡಿಸ್ಕ್ ಕೊಂಡಿದ್ದೇನೆ, ಎರಡರ ಸರಣಿ ಸಂಖ್ಯೆಯನ್ನೂ ಅಂಗಡಿಯಲ್ಲೇ ನಿಂತು ಪರೀಕ್ಷಿಸಿದೆ. ಪ್ರತಿಯ ಡಿಸ್ಕ್ ಪ್ರತಿ ತಿಂಗಳ ಕೊನೆಗೆ ದೇವಿಮನೆ ಘಟ್ಟ ಹತ್ತಿ ಶಿರಸಿಯ ಭಾವನ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.

ಹಳೆಯ ಡಿಸ್ಕನ್ನು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದೆ. ಒಂದು ಹೆಡ್ ಹೋಗಿದೆ, ತಟ್ಟೆಯ ಮೇಲೆ ಗೀರು ಕಾಣುತ್ತಿಲ್ಲ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ ತೆಗೆದು ಜೋಡಿಸಿ ಪ್ರಯತ್ನಿಸುತ್ತೇವೆ ಎಂದು ತಿಳಿಸಿದ್ದಾರೆ. ಆ ಹುಡುಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳ ತಂದೆ ಅರ್ಧ ಖರ್ಚು ತಾವು ಕೊಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಪ್ರಯೋಗಾಲಯಕ್ಕೆ ಮುಂಗಡ ಕಳಿಸಿದ್ದೇನೆ.